ಕೀಲಿಕೈ ಯಾರ ಬಳಿ ಇರಬೇಕು? ಹದಿಹರೆಯದ ಮಕ್ಕಳು, ಕುಡಿತ ಮತ್ತು ಗಾಡಿ

ಚಾಮುಂಡಿತಪ್ಪಲು (ಮೈಸೂರು):

ನನ್ನ ಮಗನಿಗೆ ಹದಿನೇಳು ತುಂಬಿ ನಾಲ್ಕು ತಿಂಗಳಾಯಿತು, ದ್ವಿತೀಯ ಪಿಯುಸಿಯಲ್ಲಿದ್ದಾನೆ. ಹೋದ ಶನಿವಾರ ಗೆಳೆಯನ ಹುಟ್ಟುಹಬ್ಬವೆಂದು ರಿಂಗ್ ರಸ್ತೆಯಾಚೆಯ ತೋಟದ ಮನೆಯೊಂದಕ್ಕೆ ಹೋದವನು ರಾತ್ರಿ ಹನ್ನೊಂದೂಕಾಲಿಗೆ ಮರಳಿದ. ಬಾಗಿಲು ತೆರೆದೊಡನೆ ಏಲಕ್ಕಿಯ ವಾಸನೆ ಮೂಗಿಗೆ ಬಡಿಯಿತು. ಹದಿನೇಳರ ಹುಡುಗ ಆ ಹೊತ್ತಿನಲ್ಲಿ ಏಲಕ್ಕಿ ಜಗಿಯುವುದೇಕೆಂದು ತಿಳಿಯದಷ್ಟು ಮುಗ್ಧೆ ನಾನಲ್ಲ, ಏಕೆಂದರೆ ನನ್ನ ಯಜಮಾನರೂ ಕ್ಲಬ್ಬಿನಿಂದ ಬರುವಾಗ ಅದನ್ನೇ ಜಗಿಯುತ್ತ ಬರುತ್ತಾರೆ.

ಬೈದೆ, ಅತ್ತೆ, ಅವನೂ ಅತ್ತ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ನನಗೆ ಹೊಳೆದದ್ದೆಂದರೆ, ಅವನು ಕುಡಿದದ್ದಕ್ಕೆ ನಾನು ಅಷ್ಟೆಲ್ಲ ರಂಪ ಮಾಡಿದೆನೇ ಹೊರತು, ಕುಡಿದು ಒಂಬತ್ತು ಕಿಲೋಮೀಟರು ಗಾಡಿ ಓಡಿಸಿಕೊಂಡು ಬಂದದ್ದರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಆಡಲು ನನಗೆ ಬಾಯಿಯಾದರೂ ಎಲ್ಲಿತ್ತು? ಸ್ಕೂಟರು ನನ್ನ ಹೆಸರಿನಲ್ಲಿದೆ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಆ ಹೊತ್ತಿಗೆ ನಮ್ಮ ಬಡಾವಣೆಯಿಂದ ನೇರವಾದ ಬಸ್ಸಿಲ್ಲ ಎಂಬ ಕಾರಣಕ್ಕೆ ಕಳೆದ ವರ್ಷ ಕೀಲಿಕೈಯನ್ನು ಅವನ ಕೈಗಿಟ್ಟವಳು ನಾನೇ. ಲೈಸೆನ್ಸ್ ಇಲ್ಲವೆಂಬುದು ನನಗೆ ಗೊತ್ತಿತ್ತು. ಮನೆಯಿಂದ ಟ್ಯೂಷನ್‌ಗೆ ಎರಡೇ ಕಿಲೋಮೀಟರು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಇಂಥ ಸ್ಥಿತಿಯಲ್ಲಿ ನೀವು ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರೆಂದು ತಿಳಿಯಬಯಸುತ್ತೇನೆ. ಒಳ್ಳೆಯ ಸಂಸ್ಕಾರ ಕೊಟ್ಟರೆ ಸಾಕು ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ. ಅದನ್ನು ನಮ್ಮ ಅತ್ತೆಯವರು ಈಗಾಗಲೇ ಹೇಳಿದ್ದಾರೆ.

ಬೆಣ್ಣೆನಗರಿ (ದಾವಣಗೆರೆ):

ಇದರಲ್ಲಿ ಚರ್ಚಿಸುವುದೇನಿದೆ? ಗಾಡಿಗೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹದಿನೆಂಟರವರೆಗೆ ಸೈಕಲ್ಲು, ಆಮೇಲೆ ಲೈಸೆನ್ಸ್. ಕುಡಿದು ಬಂದರೆ ಮನೆಯಿಂದ ಹೊರಗೆ ನಿಲ್ಲಿಸಿ. ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ, ಇಬ್ಬರಿಗೂ ಈ ನಿಯಮ ಚೆನ್ನಾಗಿ ಗೊತ್ತು.

ಕಪ್ಪುಕೋಟು (ಧಾರವಾಡ):

ತಾಯಿಯವರು ಅಂಜಬಾರದು, ಆದರೆ ಕಾನೂನಿನಲ್ಲಿ ತಾವು ಎಲ್ಲಿ ನಿಂತಿದ್ದೀರೆಂಬುದನ್ನು ತಿಳಿದಿರಬೇಕು. 2019ರಲ್ಲಿ ಮೋಟಾರು ವಾಹನಗಳ ಕಾಯ್ದೆಗೆ 199ಎ ಎಂಬ ಹೊಸ ಕಲಮು ಸೇರಿತು. ಹದಿನೆಂಟರೊಳಗಿನವರು ಗಾಡಿ ಓಡಿಸಿ ಅಪರಾಧವೆಸಗಿದರೆ, ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ಮೂರು ವರ್ಷಗಳವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗಮನಿಸಬೇಕಾದ ಅಂಶವೆಂದರೆ, ನಿಮ್ಮ ಒಪ್ಪಿಗೆಯಿಂದಲೇ ಅವನು ಗಾಡಿ ತೆಗೆದನೆಂದು ನ್ಯಾಯಾಲಯ ಭಾವಿಸಿಕೊಂಡೇ ಆರಂಭಿಸುತ್ತದೆ. ನನಗೆ ತಿಳಿಯದೆ ಆಯಿತು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸುವ ಹೊಣೆ ನಿಮ್ಮದು. ‘ಟ್ಯೂಷನ್‌ಗೆ ಮಾತ್ರ ಕೊಟ್ಟಿದ್ದೆ’ ಎಂಬುದು ಅಲ್ಲಿ ಸಮರ್ಥನೆಯಾಗದು, ಬದಲಿಗೆ ತಪ್ಪೊಪ್ಪಿಗೆಯಾದೀತು.

ಕುಡಿತದ ಮಾತಿಗೆ ಬಂದರೆ, 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರವಿದ್ದರೆ ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇನ್ನು ಆ ತೋಟದ ಮನೆಯಲ್ಲಿ ಹುಡುಗರಿಗೆ ಮದ್ಯ ಕೊಟ್ಟವರು ವಯಸ್ಕರಾಗಿದ್ದರೆ ಅವರ ಪಾಡು ಇದಕ್ಕಿಂತ ಕಷ್ಟ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸೆರೆಯೂ ಒಂದು ಲಕ್ಷ ರೂಪಾಯಿವರೆಗೆ ದಂಡವೂ ಇದೆ. ‘ಹೊರಗೆಲ್ಲೋ ಕುಡಿಯುವುದಕ್ಕಿಂತ ನಮ್ಮ ಕಣ್ಣೆದುರಿಗೇ ಕುಡಿಯಲಿ’ ಎಂದು ಬೇರೆಯವರ ಮಕ್ಕಳಿಗೂ ಬಾಟಲಿ ತೆರೆದಿಡುವ ಉದಾರಿ ಅಪ್ಪಂದಿರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಅಪಘಾತವಾಗಿ ಯಾರಾದರೂ ಸತ್ತರೆ ವಿಮೆ ಇದೆಯಲ್ಲ ಎಂದುಕೊಳ್ಳುವವರಿಗೆ ಇನ್ನೊಂದು ಮಾತು. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಪ್ರಕರಣಗಳಲ್ಲಿ ವಿಮಾ ಕಂಪನಿಯು ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ನ್ಯಾಯಾಲಯಗಳು ಅವಕಾಶ ಕೊಡುತ್ತ ಬಂದಿವೆ. ಅಂಥ ವಸೂಲಿಗೆ ಮನೆ ಮಾರಿದ ಕಕ್ಷಿದಾರರನ್ನು ನಾನು ಕಂಡಿದ್ದೇನೆ.

ಹೆಬ್ಬಕವಾಡಿ ನಾಲೆ (ಮಂಡ್ಯ):

ವಕೀಲರ ಮಾತು ಸರಿಯೇ. ಆದರೆ ನಮ್ಮ ಕಡೆಯ ನಿಜಸ್ಥಿತಿಯನ್ನೂ ಕೇಳಿ. ಹಳ್ಳಿಯಲ್ಲಿ ಹುಡುಗ ಎಂಟನೇ ತರಗತಿಗೆ ಬರುವಷ್ಟರಲ್ಲಿ ಡೇರಿಗೆ ಹಾಲಿನ ಕ್ಯಾನು ಹಾಕಲು ಮೊಪೆಡ್ಡು ಹತ್ತಿರುತ್ತಾನೆ. ಅದು ಶೋಕಿಯಲ್ಲ, ಮನೆಯ ಕೆಲಸ. ಹಾಗೆ ಕೆಲಸಕ್ಕೆಂದು ಕೊಟ್ಟ ಗಾಡಿಯೇ ಮೂರು ವರ್ಷ ಕಳೆದ ಮೇಲೆ ಬೀಗರೂಟಕ್ಕೆ ಹೋಗುವ ಗಾಡಿಯಾಗುತ್ತದೆ.

ಬೀಗರೂಟದ ಬಗ್ಗೆ ತಿಳಿಯದವರಿಗೆ ಹೇಳುತ್ತೇನೆ. ಮದುವೆಯಾದ ಕೆಲವು ದಿನಕ್ಕೆ ನಡೆಯುವ ಬಾಡೂಟವಿದು. ಮುಂದೆ ಎಲೆ ಹಾಕಿರುತ್ತಾರೆ, ಹಿಂದೆ ತೆಂಗಿನ ತೋಟದಲ್ಲಿಯೋ ಪಂಪ್‌ಸೆಟ್ ಮನೆಯ ಮಗ್ಗುಲಲ್ಲಿಯೋ ಗಂಡಸರಿಗೆ ಬೇರೆ ‘ವ್ಯವಸ್ಥೆ’ ಇರುತ್ತದೆ. ಅಲ್ಲಿ ಹದಿನಾರು ಹದಿನೇಳರ ಹುಡುಗರು ಸೋಡಾ, ಲೋಟ, ಖಾರ ತಂದುಕೊಡುವ ಕೆಲಸಕ್ಕೆ ನಿಂತಿರುತ್ತಾರೆ. ಸೋದರಮಾವನೇ ‘ಒಂದು ಗುಟುಕು ಹಾಕೋ, ಗಂಡ್ಸಲ್ವೇನೋ’ ಎಂದು ಲೋಟ ನೀಡುತ್ತಾನೆ. ಊಟ ಮುಗಿದ ಮೇಲೆ, ಮತ್ತೇರಿದ ದೊಡ್ಡವರನ್ನು ಹಿಂದೆ ಕೂರಿಸಿಕೊಂಡು ನಾಲೆ ಏರಿಯ ಮೇಲೆ ಗಾಡಿ ಓಡಿಸುವವನೂ ಆ ಹುಡುಗನೇ; ಅವನು ಕಡಿಮೆ ಕುಡಿದಿದ್ದಾನೆಂಬುದು ಎಲ್ಲರ ಲೆಕ್ಕಾಚಾರ. ನಾಲೆ ಏರಿಗೆ ಬಹಳ ಕಡೆ ತಡೆಗೋಡೆಯಿಲ್ಲವೆಂಬುದನ್ನು ವಿ.ಸಿ. ನಾಲೆಯ ಬದಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಕೆಟ್ಟ ಗೆಳೆಯರು, ಪಬ್ಬು, ಪೇಟೆ ಎಂದು ದೂರುವುದು ನಮಗೆ ಹೊಂದುವುದಿಲ್ಲ. ನಮ್ಮಲ್ಲಿ ಮೊದಲ ಲೋಟ ಕೊಡುವವರು ನೆಂಟರು, ಮೊದಲ ಗಾಡಿ ಕೊಡುವವರು ಹೆತ್ತವರು.

ರಾತ್ರಿಪಾಳಿ (ಶಿವಮೊಗ್ಗ):

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ‘ಕಡಿಮೆ ಕುಡಿದಿದ್ದಾನೆ’ ಎಂಬ ಮಾತು ಮೇಲೆ ಬಂದಿರುವುದರಿಂದ ಆ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ.

60 ಮಿಲಿಲೀಟರಿನ ಒಂದು ದೊಡ್ಡ ಪೆಗ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 650 ಮಿಲಿಲೀಟರಿನ, ಶೇಕಡಾ 8ರ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ, ಅಂದರೆ ಎರಡು ದೊಡ್ಡ ಪೆಗ್ಗಿನಷ್ಟು. ‘ಬರೀ ಬಿಯರು, ಅಂಕಲ್’ ಎಂದು ಹುಡುಗರು ಹೇಳುವಾಗ ಇದನ್ನು ನೆನಪಿಡಬೇಕು. 55 ಕಿಲೋ ತೂಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಪೆಗ್ ಕುಡಿದರೆ ಅವನ ರಕ್ತದ ಮಟ್ಟ ಅಂದಾಜು 50 ಮಿಲಿಗ್ರಾಮಿನ ಆಸುಪಾಸಿಗೆ ಏರುತ್ತದೆ. ಕಾನೂನಿನ ಗಡಿ 30. ಆ ಒಂದು ಬಾಟಲಿ ಬಿಯರ್ ಅವನನ್ನು 100ರ ಸಮೀಪಕ್ಕೆ ಒಯ್ಯುತ್ತದೆ.

ಇಳಿಯುವ ವೇಗವಾದರೋ ಬಹಳ ನಿಧಾನ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಮಿನಷ್ಟನ್ನು ಮಾತ್ರ ಇಳಿಸಬಲ್ಲದು. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರ ಸ್ನಾನ, ವಾಂತಿ, ಇವು ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ಏಲಕ್ಕಿ ವಾಸನೆಯನ್ನಷ್ಟೇ ಮುಚ್ಚುತ್ತದೆ. ನಡುರಾತ್ರಿಯವರೆಗೆ ಕುಡಿದು, ಮೂರು ಗಂಟೆ ಮಲಗಿ, ಸೂರ್ಯೋದಯ ನೋಡಲೆಂದು ನಾಲ್ಕಕ್ಕೆ ಬೈಕು ಹತ್ತಿ ಬೆಟ್ಟಕ್ಕೆ ಹೊರಡುವ ಹುಡುಗರು ತಮ್ಮ ಅಮಲು ಇಳಿದಿದೆಯೆಂದೇ ನಂಬಿರುತ್ತಾರೆ. ಅವರ ರಕ್ತ ಬೇರೆಯದನ್ನೇ ಹೇಳುತ್ತದೆ.

ಅಪಾಯದ ಅಂದಾಜು, ಮನಸ್ಸಿನ ಕಡಿವಾಣ ಇವನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಗಾಡಿಯ ಕೈ ಹೊಸದು, ಕುಡಿತವೂ ಹೊಸದು. ಎರಡೂ ಒಂದೇ ವರ್ಷದಲ್ಲಿ ಶುರುವಾಗುತ್ತವೆ. ನಲವತ್ತರ ಗಂಡಸು ಕುಡಿದು ಓಡಿಸುವುದೂ ಅಪರಾಧವೇ, ಆದರೆ ಅಷ್ಟೇ ಪ್ರಮಾಣದ ಮದ್ಯ ಹದಿನೆಂಟರ ಹುಡುಗನಿಗೆ ಹೆಚ್ಚು ಅಪಾಯಕಾರಿ.

ಕಡಲಬದಿ (ಮಂಗಳೂರು):

ನನಗೆ ಇಪ್ಪತ್ತು ವರ್ಷ. ಹಿರಿಯರು ಅನುಮತಿಸಿದರೆ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ.

ಕರ್ನಾಟಕದಲ್ಲಿ ಹದಿನೆಂಟಕ್ಕೆ ಲೈಸೆನ್ಸ್ ಸಿಗುತ್ತದೆ. ಅಬಕಾರಿ ನಿಯಮದಂತೆ ಮದ್ಯ ಮಾರಬಹುದಾದದ್ದು ಇಪ್ಪತ್ತೊಂದು ತುಂಬಿದವರಿಗೆ. 2023ರ ಜನವರಿಯಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸುವ ಕರಡು ಹೊರಬಿದ್ದು, ವಿರೋಧ ಬಂದದ್ದರಿಂದ ಸರ್ಕಾರ ಹಿಂದೆ ಸರಿಯಿತು. ಹಿಂದೆ ಸರಿದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ನಡುವಿನ ಈ ಮೂರು ವರ್ಷ ನಾವು ಕುಡಿಯುವುದು ಎಲ್ಲಿ ಎಂಬುದನ್ನು ಯೋಚಿಸಿ. ಊರ ನಡುವಿನ ಜಾಗದಲ್ಲಿ ಪರಿಚಿತರು ಕಾಣುತ್ತಾರೆ, ಮನೆಯಲ್ಲಿ ಸಾಧ್ಯವಿಲ್ಲ. ಆದ್ದರಿಂದ ಊರಾಚೆಯ ಕಡಲತೀರ, ಕೆರೆ ಏರಿ, ಹೋಂಸ್ಟೇ, ಅರ್ಧ ಕಟ್ಟಿದ ಲೇಔಟ್. ಅಲ್ಲಿಗೆ ಬಸ್ಸಿಲ್ಲ, ರಾತ್ರಿ ಆಟೋ ಬರುವುದಿಲ್ಲ. ಗಾಡಿಯಿಲ್ಲದೆ ತಲುಪಲಾಗದ ಜಾಗವನ್ನೇ ಆರಿಸಿಕೊಂಡ ಮೇಲೆ ಗಾಡಿಯಿಲ್ಲದೆ ಮರಳುವುದು ಹೇಗೆ?

ಇನ್ನು, ಕುಡಿದು ಓಡಿಸುವುದು ಅಪಾಯವೆಂದು ನಮಗೆ ತಿಳಿಯದೆಂದು ಭಾವಿಸಬೇಡಿ. ಪ್ರಥಮ ವರ್ಷದಲ್ಲಿ ನನಗೆ ಒಮ್ಮೆ ಹಾಗಾಯಿತು. ಗಾಡಿ ಮುಟ್ಟಬಾರದೆಂದು ತಲೆಗೆ ಗೊತ್ತಿತ್ತು. ಮನೆಗೆ ಫೋನ್ ಮಾಡಿದರೆ ಅಪ್ಪ ಬರುತ್ತಾರೆಂದೂ ಗೊತ್ತಿತ್ತು. ಬಂದ ಮೇಲೆ ಗೆಳೆಯರೆದುರು ಏನಾಗುತ್ತದೆಂದೂ ಗೊತ್ತಿತ್ತು. ಅಪ್ಪನ ಕೋಪ ಮತ್ತು ಹೆದ್ದಾರಿಯ ಲಾರಿ, ಎರಡರಲ್ಲಿ ಆ ಹೊತ್ತಿಗೆ ನನಗೆ ಹೆಚ್ಚು ಭಯಂಕರವೆನಿಸಿದ್ದು ಮೊದಲನೆಯದು. ಗಾಡಿ ಓಡಿಸಿಕೊಂಡೇ ಬಂದೆ. ಏನೂ ಆಗಲಿಲ್ಲ ಎಂಬುದು ನನ್ನ ಜಾಣ್ಮೆಯಲ್ಲ. ದಾವಣಗೆರೆಯ ಅಂಕಲ್, ನಿಮ್ಮ ಮಕ್ಕಳಿಗೂ ನಿಯಮ ಗೊತ್ತಿದೆ ಎಂದಿರಿ; ನನಗೂ ಗೊತ್ತಿತ್ತು.

ಎಡಿಸನ್ ಅಮ್ಮ (ನ್ಯೂಜೆರ್ಸಿ):

ಕಡಲಬದಿಯವರ ಮಾತು ಓದಿ, ನನ್ನ ಮಗಳೊಡನೆ ನಾನು ಮಾಡಿಕೊಂಡ ಒಪ್ಪಂದ ನೆನಪಾಯಿತು. ಇಲ್ಲಿ 1981ರಲ್ಲಿ ಮ್ಯಾಸಚೂಸೆಟ್ಸ್‌ನ ವೇಲ್ಯಾಂಡ್ ಎಂಬ ಊರಿನ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳ ಸಂಘಟನೆಯೊಂದು ಹುಟ್ಟಿ, ಮಕ್ಕಳೂ ಹೆತ್ತವರೂ ಸಹಿ ಹಾಕುವ ಒಂದು ಹಾಳೆಯ ಒಪ್ಪಂದವನ್ನು ಹರಡಿತು. ನಾನು ಕುಡಿದಿದ್ದರೆ, ಅಥವಾ ಗಾಡಿ ಓಡಿಸಬೇಕಾದವನು ಕುಡಿದಿದ್ದರೆ, ಯಾವ ಹೊತ್ತಾದರೂ ಮನೆಗೆ ಕರೆ ಮಾಡುತ್ತೇನೆಂದು ಮಗು ಬರೆದುಕೊಡುತ್ತದೆ. ಎಲ್ಲಿಗಾದರೂ ಬರುತ್ತೇನೆ, ಆ ರಾತ್ರಿ ಪ್ರಶ್ನೆ ಕೇಳುವುದಿಲ್ಲ, ನಾನೂ ಕುಡಿದು ಓಡಿಸುವುದಿಲ್ಲವೆಂದು ಹೆತ್ತವರು ಬರೆದುಕೊಡುತ್ತಾರೆ. ಎರಡನೆಯ ಭಾಗವನ್ನು ನಮ್ಮವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಕನ್ನಡ ಕೂಟದ ದೀಪಾವಳಿ ಮುಗಿಸಿ ಮರಳುವಾಗ ಚಾಲಕನ ಸೀಟಿನಲ್ಲಿ ಯಾರು ಕೂರುತ್ತಾರೆಂಬುದನ್ನು ಹಿಂದಿನ ಸೀಟಿನ ಮಕ್ಕಳು ನೋಡುತ್ತಿದ್ದರೂ.

ಒಪ್ಪಂದ ಒಂದೇ ಸಾಕೆಂದು ನಾನು ಹೇಳುವುದಿಲ್ಲ. ಮಗಳನ್ನು ಹದಿಮೂರರಲ್ಲಿ ಕುಡುಕ ಚಾಲಕನಿಂದ ಕಳೆದುಕೊಂಡ ಕ್ಯಾಲಿಫೋರ್ನಿಯಾದ ತಾಯಿ ಕ್ಯಾಂಡೇಸ್ ಲೈಟ್ನರ್ 1980ರಲ್ಲಿ ತಾಯಂದಿರ ಸಂಘಟನೆ ಕಟ್ಟಿದ್ದು, 1984ರಲ್ಲಿ ಮದ್ಯದ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕಡಿತಗೊಳಿಸುವ ಕಾನೂನು ಬಂದದ್ದು, ಇವೆಲ್ಲ ಜೊತೆಜೊತೆಗೆ ನಡೆದವು. ನಮ್ಮ ರಾಜ್ಯದಲ್ಲಿ ಹೊಸ ಲೈಸೆನ್ಸಿನ ಹದಿಹರೆಯದವರು ರಾತ್ರಿ ಹನ್ನೊಂದರ ನಂತರ ಓಡಿಸುವಂತಿಲ್ಲ, ಹೆತ್ತವರು ಜೊತೆಯಲ್ಲಿಲ್ಲದಿದ್ದರೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವಂತಿಲ್ಲ, ನಂಬರ್ ಪ್ಲೇಟಿನ ಮೇಲೆ ಕೆಂಪು ಗುರುತು ಅಂಟಿಸಬೇಕು. ಇಪ್ಪತ್ತೊಂದರ ಒಳಗಿನವರಿಗೆ ಮದ್ಯದ ಗಡಿಯೂ ಬೇರೆ. ನಿಮ್ಮ ಲೆಕ್ಕದಲ್ಲಿ ಅದು 10 ಮಿಲಿಗ್ರಾಂ. ಭಾರತದಲ್ಲಿ ಹದಿನೆಂಟಕ್ಕೂ ಐವತ್ತಕ್ಕೂ ಒಂದೇ ಗಡಿ. ಸರ್ಕಾರ ಮಾಡದಿದ್ದರೇನು, ಮನೆಯಲ್ಲಿ ಆ ನಿಯಮಗಳನ್ನು ನಾವೇ ಮಾಡಿಕೊಳ್ಳಬಹುದಲ್ಲ: ಲೈಸೆನ್ಸ್ ಬಂದ ಮೊದಲ ವರ್ಷ ರಾತ್ರಿ ಒಂಬತ್ತರ ನಂತರ ಗಾಡಿ ಇಲ್ಲ, ಹಿಂದೆ ಗೆಳೆಯರಿಲ್ಲ.

ಬೆಣ್ಣೆನಗರಿ (ದಾವಣಗೆರೆ):

ಇದನ್ನು ನಾನು ಒಪ್ಪಲಾರೆ. ‘ಕುಡಿದರೆ ಫೋನ್ ಮಾಡು, ಬಂದು ಕರೆದೊಯ್ಯುತ್ತೇನೆ’ ಎಂದರೆ ‘ಕುಡಿ’ ಎಂದೇ ಹೇಳಿದಂತೆ. ಮಗನಿಗೆ ಕುಡಿಯಲು ಪರವಾನಗಿ ಕೊಟ್ಟು ಮೇಲೆ ಚಾಲಕನ ಸೇವೆಯನ್ನೂ ಕೊಡಬೇಕೇ? ಪುಣೆಯಲ್ಲಿ 2024ರ ಮೇ 19ರ ನಸುಕಿನಲ್ಲಿ ನಡೆದದ್ದನ್ನು ಮರೆತಿರಾ? ಹದಿನೇಳರ ಹುಡುಗನ ಕೈಗೆ ಕೋಟ್ಯಂತರ ಬೆಲೆಯ ಕಾರು, ಬಾರಿನಿಂದ ಮರಳುವಾಗ ಕಲ್ಯಾಣಿನಗರದಲ್ಲಿ ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳ ಸಾವು, ಜಾಮೀನಿಗೆ ಮುನ್ನೂರು ಪದಗಳ ಪ್ರಬಂಧದ ಷರತ್ತು. ಕೊನೆಗೆ ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದಲ್ಲಿ ವೈದ್ಯರೂ ಹೆತ್ತವರೂ ಬಂಧನಕ್ಕೊಳಗಾದರು. ಮಕ್ಕಳನ್ನು ಕಾಪಾಡುತ್ತೇನೆಂದು ಹೊರಟ ಹೆತ್ತವರು ಮುಟ್ಟುವ ಜಾಗ ಅದು.

ಎಡಿಸನ್ ಅಮ್ಮ (ನ್ಯೂಜೆರ್ಸಿ):

ಆ ಆಕ್ಷೇಪ ಇಲ್ಲಿಯೂ ಬಂದಿತ್ತು. ಆದರೆ ಒಂದು ವ್ಯತ್ಯಾಸವನ್ನು ನೋಡಿ. ಆರೋಪ ನಿಜವಾಗಿದ್ದರೆ, ಪುಣೆಯಲ್ಲಿ ಕಾಪಾಡಲು ಹೊರಟದ್ದು ಘಟನೆಯ ಪರಿಣಾಮದಿಂದ. ಒಪ್ಪಂದ ಕಾಪಾಡುವುದು ಘಟನೆಯಿಂದ. ‘ಆ ರಾತ್ರಿ’ ಪ್ರಶ್ನೆಯಿಲ್ಲ ಎಂದಿದ್ದೇನೆಯೇ ಹೊರತು ಎಂದೆಂದಿಗೂ ಇಲ್ಲ ಎಂದಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿನೊಡನೆ ಎಲ್ಲ ಪ್ರಶ್ನೆಗಳೂ ಬರುತ್ತವೆ.

ಹಿಂದಿನ ಸೀಟು (ತುಮಕೂರು):

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಮಗ ಕುಡಿಯುತ್ತಿರಲಿಲ್ಲ. ಅವನಿಗೆ ಗಾಡಿಯನ್ನೂ ಕೊಟ್ಟಿರಲಿಲ್ಲ. ಈ ಚರ್ಚೆಯಲ್ಲಿ ಹೇಳಿರುವ ಎಚ್ಚರಗಳನ್ನೆಲ್ಲ ನಾವು ತೆಗೆದುಕೊಂಡಿದ್ದೆವು. ಅವನು ಗೆಳೆಯನ ಬೈಕಿನ ಹಿಂದೆ ಕೂತಿದ್ದ, ಗೆಳೆಯ ಕುಡಿದಿದ್ದ. ಹೆದ್ದಾರಿಯ ಬದಿಯಲ್ಲಿ ದೀಪ ಹಾಕದೆ ನಿಲ್ಲಿಸಿದ್ದ ಟ್ರಾಕ್ಟರ್ ಟ್ರೇಲರಿಗೆ ಬೈಕು ಬಡಿಯಿತು. ಓಡಿಸುತ್ತಿದ್ದವನು ಬದುಕಿದ.

ಮಗನಿಗೆ ನಾನು ನೂರು ಸಲ ‘ಕುಡಿಯಬೇಡ’ ಎಂದಿದ್ದೆ, ‘ಓಡಿಸಬೇಡ’ ಎಂದಿದ್ದೆ. ‘ಕುಡಿದವನ ಹಿಂದೆ ಕೂರಬೇಡ’ ಎಂದು ಒಮ್ಮೆಯೂ ಹೇಳಿರಲಿಲ್ಲ. ಅದು ನನಗೆ ತೋಚಿರಲೇ ಇಲ್ಲ. ಹೇಳಿದ್ದರೂ, ಗೆಳೆಯನೆದುರು ಹತ್ತುವುದಿಲ್ಲವೆನ್ನಲು ಹದಿನೇಳರ ಹುಡುಗನಿಗೆ ಒಂದು ನೆಪ ಬೇಕು. ಹೆಣ್ಣುಮಕ್ಕಳ ಹೆತ್ತವರು ಈ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದುಕೊಳ್ಳುತ್ತಾರೆ. ಅವರ ಮಕ್ಕಳೂ ಹಿಂದಿನ ಸೀಟಿನಲ್ಲಿಯೇ ಇರುತ್ತಾರೆ. ಹಿಂದೆ ಕೂತವರಿಗೆ ಹೆಲ್ಮೆಟ್ಟೂ ಇರುವುದಿಲ್ಲ.

ರಾತ್ರಿಪಾಳಿ (ಶಿವಮೊಗ್ಗ):

ತುಮಕೂರಿನವರೇ, ನೀವು ಬರೆದದ್ದಕ್ಕೆ ಕೃತಜ್ಞ. ನಮ್ಮಲ್ಲಿಗೆ ತಲೆಪೆಟ್ಟಿನಿಂದ ಬರುವ ಹುಡುಗರಲ್ಲಿ ಹಿಂದೆ ಕೂತವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮಲ್ಲಿಗೆಪ್ಪೇಟೆ ಮೇಷ್ಟ್ರು (ಹಾಸನ):

ನೆಪದ ಮಾತು ಬಂದದ್ದರಿಂದ ಹೇಳುತ್ತೇನೆ. ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಮಾಡಿದವನಾಗಿ ನನಗೆ ತಿಳಿದ ಮಟ್ಟಿಗೆ, ಈ ವಯಸ್ಸಿನವರಿಗೆ ಧೈರ್ಯ ಕಲಿಸುವುದಕ್ಕಿಂತ ಸುಳ್ಳು ನೆಪವೊಂದನ್ನು ಕೈಯಲ್ಲಿಟ್ಟು ಕಳಿಸುವುದು ಸುಲಭ. ನನ್ನ ತಂಗಿಯ ಮನೆಯಲ್ಲಿ ಒಂದು ಗುಟ್ಟಿನ ಮಾತಿದೆ. ಮಗಳು ಮನೆಗೆ ‘ಅಜ್ಜಿ ಮಾತ್ರೆ ತಗೊಂಡ್ರಾ’ ಎಂದು ಸಂದೇಶ ಕಳಿಸಿದರೆ ಐದು ನಿಮಿಷದಲ್ಲಿ ತಾಯಿ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಗದರಿ, ಈಗಲೇ ಬರುತ್ತೇನೆ ಹೊರಗೆ ನಿಂತಿರು ಎನ್ನಬೇಕು. ಗೆಳೆಯರ ಕಣ್ಣಿನಲ್ಲಿ ಕೆಟ್ಟವಳಾಗುವುದು ತಾಯಿ. ಮಗಳು ಅಯ್ಯೋ ಪಾಪ ಎನಿಸಿಕೊಂಡು ಹೊರಬೀಳುತ್ತಾಳೆ. ಆ ಅಜ್ಜಿ ತೀರಿಕೊಂಡು ಆರು ವರ್ಷವಾಗಿದೆ.

ಇನ್ನೊಂದು: ಪಾರ್ಟಿಗೆ ಕರೆದ ಮನೆಯವರಿಗೆ ಒಂದು ಫೋನ್ ಮಾಡುವುದು. ದೊಡ್ಡವರು ಯಾರಿರುತ್ತಾರೆ, ಮರಳುವುದು ಹೇಗೆ ಎಂದು ಕೇಳಲು ನಮ್ಮವರಿಗೆ ಅದೇಕೋ ಸಂಕೋಚ. ಮಗಳಿಗೆ ಸಂಬಂಧ ಬಂದರೆ ಏಳು ತಲೆಮಾರು ವಿಚಾರಿಸುವ ನಾವು, ಅದೇ ಮಗಳನ್ನು ರಾತ್ರಿ ಕಳಿಸುವ ಮನೆಯ ಫೋನ್ ನಂಬರನ್ನೂ ಕೇಳುವುದಿಲ್ಲ.

ಬೆಣ್ಣೆನಗರಿ (ದಾವಣಗೆರೆ):

ವಕೀಲರಿಗೆ ಒಂದು ಪ್ರಶ್ನೆ. ಇಂಥ ಒಪ್ಪಂದವನ್ನು ಬರೆದಿಟ್ಟರೆ, ಮಗ ಕುಡಿಯುತ್ತಾನೆಂಬುದು ನನಗೆ ಮೊದಲೇ ತಿಳಿದಿತ್ತೆಂದು ಅದೇ ನನ್ನ ವಿರುದ್ಧ ಸಾಕ್ಷಿಯಾಗುವುದಿಲ್ಲವೇ? (ನಾನು ಬರೆಯುತ್ತೇನೆಂದಲ್ಲ, ಕೇಳುತ್ತಿದ್ದೇನಷ್ಟೆ.)

ಕಪ್ಪುಕೋಟು (ಧಾರವಾಡ):

ಆ ಹಾಳೆಯಲ್ಲಿ ಮೊದಲ ವಾಕ್ಯವನ್ನು ‘ಹದಿನೆಂಟು ತುಂಬಿ ಲೈಸೆನ್ಸ್ ಬರುವವರೆಗೆ ಮನೆಯ ಯಾವ ಗಾಡಿಯನ್ನೂ ಮುಟ್ಟುವುದಿಲ್ಲ, ಕೀಲಿಕೈ ಹೆತ್ತವರ ಬಳಿ ಇರುತ್ತದೆ’ ಎಂದು ಬರೆಯಿರಿ, ಬರೆದಂತೆಯೇ ನಡೆಯಿರಿ. ನಡೆದುಕೊಂಡರೆ ಅದು ನೀವು ಎಚ್ಚರ ವಹಿಸಿದ್ದಕ್ಕೆ ಸಾಕ್ಷಿ. ಬರೆದು ನಡೆಯದಿದ್ದರೆ ನಿಮ್ಮ ಭಯ ನಿಜವಾದೀತು. ಮಕ್ಕಳಿಗೆ ಕುಡಿತ ರೂಢಿಯಾಗಿ ಹೋಗಿದೆಯೆನಿಸಿದರೆ ಅದು ಒಪ್ಪಂದದಿಂದ ಬಗೆಹರಿಯುವ ಸಂಗತಿಯಲ್ಲ. 14446 ಎಂಬ ವ್ಯಸನಮುಕ್ತಿ ಸಹಾಯವಾಣಿಯಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಚಾಮುಂಡಿತಪ್ಪಲು (ಮೈಸೂರು):

ಎಲ್ಲರ ಮಾತನ್ನೂ ಮಗನ ಪಕ್ಕದಲ್ಲಿ ಕೂತು ಅವನೊಡನೆಯೇ ಓದಿದೆ. ತುಮಕೂರಿನವರ ಬರಹ ಮುಗಿದಾಗ ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು, ಆ ಶನಿವಾರ ತನ್ನ ಹಿಂದೆ ಇನ್ನೊಬ್ಬ ಹುಡುಗ ಕೂತಿದ್ದನೆಂದೂ ಅವನನ್ನು ವಿಜಯನಗರದಲ್ಲಿ ಇಳಿಸಿ ಬಂದೆನೆಂದೂ ಹೇಳಿದ. ಆ ಹುಡುಗನ ತಾಯಿಗೆ ನಾನೇ ಫೋನ್ ಮಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಫೋನ್ ಕರೆ ಹೆಚ್ಚಿಲ್ಲ.

ಸ್ಕೂಟರಿನ ಎರಡೂ ಕೀಲಿಗಳು ಈಗ ಬೀರುವಿನಲ್ಲಿವೆ. ಟ್ಯೂಷನ್‌ಗೆ ಅವನು ಸೈಕಲ್ಲಿನಲ್ಲಿ ಹೋಗುತ್ತಾನೆ. ಮಳೆಯಿದ್ದರೆ ನಾನು ಬಿಡುತ್ತೇನೆ. ಹಾಳೆಯ ಮೇಲೆ ಒಪ್ಪಂದ ಬರೆದು ಮಗನೂ ನಾನೂ ಸಹಿ ಹಾಕಿದೆವು. ಯಜಮಾನರು ಓದಿ, ಇದೆಲ್ಲ ಮಕ್ಕಳಾಟವೆಂದು ನಕ್ಕು, ಕೊನೆಗೆ ಸಹಿ ಹಾಕಿದರು. ಅದು ಫ್ರಿಜ್ಜಿನ ಬಾಗಿಲ ಮೇಲಿದೆ.

ನಿನ್ನೆ ರಾತ್ರಿ ಹತ್ತೂವರೆಗೆ ಫೋನ್ ಬಂತು. ನಂಜನಗೂಡಿನ ಒಂದು ಆರತಕ್ಷತೆಯಿಂದ ಯಜಮಾನರು. ಸ್ವಲ್ಪ ಹೊತ್ತು ಏನೇನೋ ಮಾತನಾಡಿ, ‘ನಾನು ಕಾರು ಓಡಿಸುವ ಹಾಗಿಲ್ಲ, ಬರ್ತೀಯಾ’ ಎಂದರು. ಮಗನೂ ನಾನೂ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಮರಳುವಾಗ ಕಾರನ್ನು ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕಿಟಕಿಯ ಕಡೆ ಮುಖಮಾಡಿ ಕೂತಿದ್ದರು. ದಾರಿಯುದ್ದಕ್ಕೂ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆಳಿಗ್ಗೆ ಮಗ ಅಡುಗೆಮನೆಗೆ ಬಂದು ತಿಂಡಿಗೆ ಉಪ್ಪಿಟ್ಟು ಮಾಡುತ್ತೀಯಾ ಎಂದು ವಿಚಾರಿಸಿದ.